ಮಾಳಿಗೆ ಮೇಲಿನ ಹಾಲುಹಲ್ಲು

ಎಪ್ಪತ್ತರ ದಶಕದಲ್ಲಿ ಮುಳಬಾಗಿಲಿನ ಒಂದು ವಠಾರದ ಬಾಡಿಗೆ ಮನೆಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಮಳೆ ಬಂದರೆ ಸಾಕು, ಅಲ್ಲಿ ಬಾಡಿಗೆಗಿದ್ದ ವೆಂಕಟಮ್ಮನವರ ಅಡುಗೆಮನೆ ಸೋರುತ್ತಿತ್ತು. ಗಾರೆ ಹಾಕಿಸಿದರೂ ನಿಲ್ಲಲಿಲ್ಲ. 'ಇನ್ನೊಂದ್ ಸಲ ಸೋರಿದ್ರೆ ನಿನ್ನ ಬದ್ಲು ಬೇರೆಯವರನ್ನ ಕೆಲಸಕ್ಕಿಟ್ಕೋತೀನಿ' ಎಂದುಬಿಟ್ಟರು ಮಾಲೀಕರು.

ಆ ಸಿಟ್ಟಿನಲ್ಲಿ ನಾನೇ ಏಣಿ ಹಾಕಿ ಮಾಳಿಗೆ ಹತ್ತಿದೆ. ನೀರು ಇಳಿಯುವ ಕೊಳವೆಯೊಳಗೆ ಕೈ ಹಾಕಿದರೆ ಒಣಗಿದ ಸಗಣಿ ಉಂಡೆಗಳು ಗಟ್ಟಿಯಾಗಿ ಕೂತಿದ್ದವು. ಒಂದನ್ನು ಒಡೆದೆ. ಒಳಗೆ ಹಾಲುಹಲ್ಲು.

'ಏನಮ್ಮಾ ಇದು?' ಎಂದು ಮೇಲಿಂದಲೇ ತೋರಿಸಿದೆ.

'ವಠಾರದ ಹುಡುಗ್ರದು ಕಣಪ್ಪಾ. ಬಿದ್ದ ಹಲ್ನ ಸಗಣೀಲಿಟ್ಟು ಮಾಳಿಗೆ ಮೇಲೆ ಎಸೀದೆ ಇದ್ರೆ ಹೊಸ ಹಲ್ಲು ಬರುತ್ತಾ?' ಎಂದರು ವೆಂಕಟಮ್ಮ.

ಉಂಡೆಗಳನ್ನೆಲ್ಲ ತೆಗೆದು ಕೊಳವೆ ಬಿಡಿಸಿದೆ. ಆ ವಾರದ ಜಡಿಮಳೆಗೆ ಒಂದು ಹನಿಯೂ ಒಳಗೆ ಬೀಳಲಿಲ್ಲ. ವೆಂಕಟಮ್ಮ ಬಿಸಿ ಒಬ್ಬಟ್ಟು ಕೊಟ್ಟು, 'ಚಿಕ್ಕೋನ ಹಲ್ಲು ಅಲ್ಲಾಡ್ತಿದೆ. ಇನ್ನು ಎಲ್ಲಿಗೆ ಎಸೀಲಿ?' ಎಂದರು.

'ಎದುರಿಗೇ ಓನರ್ ಮಾಳಿಗೆ ಇದೆಯಲ್ಲಮ್ಮಾ' ಎಂದೆ.

ಎರಡು ಮಳೆಗಾಲ ಕಳೆದ ಮೇಲೆ ಮಾಲೀಕರ ನಡುಮನೆ ಸೋರಿತು. ಊರಿನ ಗಾರೆಯವರೆಲ್ಲ ಸೋತ ಮೇಲೆ ನನಗೆ ಹೇಳಿ ಕಳಿಸಿದರು. ಎಲ್ಲಿಗೆ ಕೈ ಹಾಕಬೇಕೆಂದು ಏಣಿ ಹತ್ತುವ ಮೊದಲೇ ನನಗೆ ಗೊತ್ತಿತ್ತು.