ವೀಣಾಳ ಮೊದಲ ಆಟಿ ಪಾಯಸ

ಅರಸೀಕೆರೆ ಕಡೆಯ ವೀಣಾ ಕೊಡಗಿನ ಗಡಿಯ ಸಂಪಾಜೆಯ ಭವಿತ್‌ನ ಕೈಹಿಡಿದು ಬಂದದ್ದು ಬೇಸಿಗೆಯಲ್ಲಿ. ಎರಡು ಕಡೆಯೂ ಕನ್ನಡವೇ. ಆದರೂ ಅತ್ತೆ ಹೊನ್ನಮ್ಮ ಅರೆಭಾಷೆಯಲ್ಲಿ ಸರಸರ ಶುರುಮಾಡಿದರೆ ಇವಳಿಗೆ ಅರ್ಧ ಕಿವಿಗೆ, ಅರ್ಧ ಗಾಳಿಗೆ. ಬೇಡ ಅನ್ನಲು ಅವರು ‘ಬೊತ್ತು’ ಅನ್ನುತ್ತಾರೆ ಎಂಬುದು ತಿಳಿಯಲಿಕ್ಕೇ ದಿನ ಹಿಡಿಯಿತು. ಮೂರು ಹೊತ್ತೂ ಅಕ್ಕಿ. ಅವ್ವ ಕಟ್ಟಿಕೊಟ್ಟ ರಾಗಿಹಿಟ್ಟು ಬಟ್ಟೆಗಳ ಅಡಿಯಲ್ಲೇ ಕೂತಿತ್ತು. ಈ ಮನೆ ತನಗೆ ಒಗ್ಗೀತೇ ಎಂಬ ಅನುಮಾನವನ್ನೂ ಅವಳು ಅಲ್ಲೇ ಮುಚ್ಚಿಟ್ಟಿದ್ದಳು.

ಜಡಿಮಳೆಯ ಆಟಿ ತಿಂಗಳ ಹದಿನೆಂಟರಂದು ಹೊನ್ನಮ್ಮ, ಆ ದಿನ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆಂದು ನಂಬುವ ಕಾಡಿನ ಮದ್ದುಸೊಪ್ಪು ಕುದಿಸಿ, ಆ ನೇರಳೆ ರಸದಲ್ಲಿ ಪಾಯಸ ಮಾಡಿದರು. ವೀಣಾ ಬಡಿಸಿದಷ್ಟೂ ಉಂಡಳು.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋಗಿ ನೋಡುತ್ತಾಳೆ, ಮೂತ್ರ ರಕ್ತದ ಹಾಗೆ ಕೆಂಪಗೆ! ಇಲ್ಲಿಯ ಅನ್ನನೀರು ನನ್ನ ಮೈಗೆ ಹಿಡಿಯಲಿಲ್ಲ, ಇನ್ನು ಅವ್ವನ ಮನೆಯೇ ಗತಿ ಎಂದು ಬ್ಯಾಗು ತುಂಬಿಕೊಂಡು ಹೊರಬಂದಳು.

“ಎಂತ ಕೂಸೇ, ಎಲ್ಲಿಗೆ ಹೊರಟದ್ದು?” ಎಂದರು ಹೊನ್ನಮ್ಮ.

“ಊರ್ಗೆ ಹೋಯ್ತೀನಿ ಅತ್ತೆ. ನಂಗೇನೋ ದೊಡ್ಡ ಕಾಯ್ಲೆ ಬಂದ್ಬುಟ್ಟೈತೆ.” ಉಳಿದದ್ದನ್ನು ಕಿವಿಯಲ್ಲಿ ಹೇಳಿದಳು.

ಹೊನ್ನಮ್ಮ ಗೊಳ್ಳೆಂದು ನಕ್ಕರು. “ಅಯ್ಯೋ, ಹೆದರಿಕೆ ಬೊತ್ತು! ಮದ್ದು ಮೈಗೆ ಹತ್ತಿದ್ದು ಅದು. ನಂದೂ ಕೆಂಪೇ, ನಿನ್ನ ಮಾವಂದೂ ಕೆಂಪೇ. ಬೇಕಾದ್ರೆ ಕೇಳು!”

ಜಗಲಿಯಲ್ಲಿದ್ದ ಮಾವ ಅಪ್ಪಯ್ಯ ಕೆಮ್ಮುತ್ತ ಅಂಗಳಕ್ಕಿಳಿದುಬಿಟ್ಟರು.

ಬ್ಯಾಗಿನ ಮೇಲೆ ಕಣ್ಣು ಬಿದ್ದಾಗ ಹೊನ್ನಮ್ಮನ ನಗು ನಿಂತಿತು. ತಮಗೆಲ್ಲ ಹುಟ್ಟಿದಾಗಿಂದ ಗೊತ್ತಿರುವುದನ್ನು ಸೊಸೆಗೆ ಹೇಳಬೇಕೆಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

“ಹೇಳದೆ ಇದ್ದದ್ದು ನಮ್ಮ ತಪ್ಪು ಮಗ,” ಎಂದು ಬ್ಯಾಗು ಎತ್ತಿ ಒಳಗಿಟ್ಟರು. “ಎಂತ ಇಷ್ಟು ಭಾರ?”

“ರಾಗಿಹಿಟ್ಟು.”

“ಹುಳಕ್ಕೆ ಅಂತ ಇಟ್ಟದ್ದಾ? ತೆಗಿ, ಮಾಡುವ.”

ಮಧ್ಯಾಹ್ನ ವೀಣಾ ಮುದ್ದೆ ಕಟ್ಟಿ ಬಸ್ಸಾರು ಬಡಿಸಿದಳು. ಹೊನ್ನಮ್ಮ ಮುದ್ದೆ ಮುರಿದು ಬಾಯಿಗಿಟ್ಟು ಅಗಿದೇ ಅಗಿದರು. ಹಲ್ಲಿಗೆಲ್ಲ ಮೆತ್ತಿಕೊಂಡಿತು.

“ಅಗೀಬಾರ್ದು ಅತ್ತೆ, ನುಂಗ್ಬೇಕು!”

“ಅದನ್ನ ಮೊದ್ಲೇ ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?” ಎಂದವರಿಗೆ ತಮ್ಮ ಮಾತಿಗೆ ತಾವೇ ನಗು ತಡೆಯಲಾಗಲಿಲ್ಲ. ಬ್ಯಾಗು ಅಂದೇ ಅಟ್ಟ ಸೇರಿತು.

ಅದಾಗಿ ವರ್ಷ ಕಳೆದು, ಈ ಸಲದ ಆಟಿಗೆ ಪಕ್ಕದ ತೋಟದ ಕೂಲಿಯವರ ಲೈನ್ ಮನೆಗೆ ಅಸ್ಸಾಮಿನ ಹೆಂಗಸರು ಹೊಸದಾಗಿ ಬಂದಿದ್ದರು. ವೀಣಾ ಪಾಯಸ ಹೊತ್ತುಹೋದಳು. ಅವರ ಮಾತು ಇವಳಿಗೆ ಬಾರದು. ಆದರೂ ಮುಚ್ಚಳ ತೆಗೆಯುವ ಮೊದಲೇ ಕೈಸನ್ನೆ ಮಾಡಿ, ತನ್ನ ಕೆಂಪು ಸೆರಗು ತೋರಿಸಿ, ನಾಳೆ ಬೆಳಗಿನ ಸಂಗತಿ ತಿಳಿಸಿಯೇಬಿಟ್ಟಳು. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

“ಹೆದರಿಕೆ ಬೊತ್ತು,” ಎಂದಳು ವೀಣಾ. “ಇದು ನಮ್ಮೂರ ಮದ್ದು.”

ಒಬ್ಬಳು ತಟ್ಟೆ ಚಾಚಿದಳು.