ರವಿವಾರಕ್ಕೊಮ್ಮೆ ಸಾಯುವ ಮಾಳಿಂಗರಾಯ

ಮನುಷ್ಯ ಸಾಯುವುದು ಒಂದೇ ಸಲ ಎಂಬ ಮಾತನ್ನು ಮಾಳಿಂಗರಾಯ ಸುಳ್ಳು ಮಾಡಿ ಎರಡು ವರ್ಷವಾಗಿತ್ತು. ಪ್ರತಿ ರವಿವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಮುದ್ದೇಬಿಹಾಳದ ಆಚೆಯ ಕಲ್ಲಹುಡೆ ಕೋಟೆಯ ಮೆಟ್ಟಿಲ ಮೇಲೆ, ಎದೆಗೆ ಬಾಣ ನೆಟ್ಟುಕೊಂಡು ಅವನು ಸಾಯುತ್ತಿದ್ದ. ಸತ್ತು, ಜನರ ಜೊತೆ ಫೋಟೋ ತೆಗೆಸಿಕೊಂಡು, ಮೈಮೇಲಿನ ಮಣ್ಣು ಕೊಡವಿ ಎದ್ದು, ಅವರ ಸಾಲಿನಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದ. ಸತ್ತವನಿಗೆ ಇಷ್ಟು ಹಸಿವಾಗುತ್ತದೆಂದು ಯಾವ ಪುರಾಣದಲ್ಲೂ ಬರೆದಿಲ್ಲ ಎಂದು ತನ್ನನ್ನು ತಾನೇ ಆಡಿಕೊಂಡು ನಗುತ್ತಿದ್ದ.

ದೇವರ ಹಿಪ್ಪರಗಿಯಲ್ಲಿ ಅವನದು ಕುರಿ ಸಾಕುವ ಮನೆತನ. ವಯಸ್ಸು ಐವತ್ತಾರು. ಕುರಿಗಳ ಬಗ್ಗೆ ಅವನಿಗೆ ತಿಳಿಯದ್ದಿಲ್ಲ, ಆದರೆ ಮನಸ್ಸು ಮಾತ್ರ ಹುಟ್ಟಿನಿಂದ ಬಣ್ಣದ ಕಡೆ. ಹರೆಯದಲ್ಲಿ ಊರ ಬಯಲಾಟದಲ್ಲಿ ಅವನಿಗೆ ದ್ವಾರಪಾಲಕನ ಪಾತ್ರ ಸಿಕ್ಕಿತ್ತು. ‘ಮಹಾರಾಜರು ಬಂದರು’ ಎನ್ನುವುದೊಂದೇ ಮಾತು. ಅದನ್ನೂ ಅವನು ಮಹಾರಾಜ ಬಂದು, ಕುಳಿತು, ಮಂತ್ರಿಯ ಜೊತೆ ಅರ್ಧ ಮಾತು ಮುಗಿಸಿದ ಮೇಲೆ ಅಂದಿದ್ದ. ರಾಜನೇ ಅವಸರ ಮಾಡಿದನೆಂದು ಇಂದಿಗೂ ಅವನ ವಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ತನಗೇ ಹೊಲಿಸಿದಂತಿದೆ ಎಂಬುದೂ ಅವನಿಗೆ ಗೊತ್ತು.

ಮೂರು ವರ್ಷದ ಹಿಂದೆ ಟಿವಿಯವರು ಈ ಕಡೆಯ ಕೋಟೆ, ವಾಡೆಗಳಲ್ಲಿ ಒಂದು ಧಾರಾವಾಹಿ ತೆಗೆದರು. ಅದಕ್ಕೆ ಮಾರುದ್ದ ಹೆಸರಿತ್ತು, ಜನ ‘ರಾಣಿ ಸೀರಿಯಲ್’ ಅಂದು ಮುಗಿಸಿದರು. ಕುರಿ ಮೇಯಿಸುತ್ತ ಕಲ್ಲಹುಡೆಯ ಕಡೆ ಹೋಗಿದ್ದ ಮಾಳಿಂಗರಾಯ ಸೈನಿಕನ ಪಾತ್ರ ಕೇಳಿದ. ಓಡಿಸಿ ನೋಡಿದರು. ಕುರಿ ಹಿಂದೆ ನಡೆದು ರೂಢಿಯಾದ ಕಾಲು, ಶತ್ರುವಿನ ಹಿಂದೆಯೂ ಅದೇ ನಡಿಗೆ. ‘ಇವರನ್ನು ಮೊದಲೇ ಸಾಯಿಸಿಬಿಡಿ’ ಎಂದರು ನಿರ್ದೇಶಕರು. ಮೂರು ದಿನ ಬಿಸಿಲಲ್ಲಿ ಹೆಣವಾಗಿ ಮಲಗಿದ. ನೊಣ ಮೂಗಿನೊಳಗೆ ಹೋಗಿ ಬಂದರೂ ಅಲುಗಲಿಲ್ಲ. ತೆರೆಯ ಮೇಲೆ ಅವನ ಸಾವು ರೆಪ್ಪೆ ಬಡಿಯುವಷ್ಟು ಹೊತ್ತು ಬಂತು. ಮೊದಲು ರಾಣಿಯ ಕುದುರೆಯ ಕಾಲು, ಅದರ ಹಿಂದೆ ಒಂದು ಮೀಸೆ. ಆ ಮೀಸೆ ತನ್ನದೆಂದು ಊರಲ್ಲಿ ಹೇಳಿದ, ಅರ್ಧ ಊರು ಒಪ್ಪಿತು. ಹೆಂಡತಿ ಕಸ್ತೂರೆವ್ವ ಮಾತ್ರ ಆ ಹೊತ್ತಿಗೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡಿದ್ದಳು. ಕೊರಳಲ್ಲಿ ತಾಳಿ ಇರುವವಳು ಗಂಡ ಸಾಯುವುದನ್ನು ನೋಡುವುದುಂಟೇ?

ಸೀರಿಯಲ್ ಮುಗಿದ ಮೇಲೆ ಸಿಂದಗಿಯ ಕಾಂತು ಎಂಬವನೊಬ್ಬ ಒಂದು ಉಪಾಯ ಹೂಡಿದ. ಟೆಂಪೋ ಮಾಡಿ, ಕೈಯಲ್ಲಿ ಮೈಕು ಹಿಡಿದು, ರಾಣಿ ನಡೆದ ಜಾಗಗಳನ್ನೆಲ್ಲ ಒಂದೇ ದಿನದಲ್ಲಿ ತೋರಿಸುವ ಟ್ರಿಪ್ಪು. ಅದರ ನಡುವೆ ಜನ ಬೆಚ್ಚಿಬೀಳಲೆಂದು ಒಂದು ಸಾವು. ಮಾಳಿಂಗರಾಯ ಸಿಂದಗಿಯಲ್ಲಿ ಸಾದಾ ಪ್ರಯಾಣಿಕನಂತೆ ಹತ್ತಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಕಲ್ಲಹುಡೆಯಲ್ಲಿ ಯಾರಿಗೂ ಕಾಣದಂತೆ ಬುರುಜಿನ ಹಿಂದೆ ಹೋಗಿ, ಚೀಲದಲ್ಲಿದ್ದ ಸೈನಿಕನ ಅಂಗಿ ತೊಟ್ಟು, ಎದೆಪಟ್ಟಿಗೆ ಅರ್ಧ ಬಾಣ ಸಿಕ್ಕಿಸಿಕೊಂಡು ಉರುಳಿ ಬರುತ್ತಿದ್ದ. ಕೊನೆಗೂ ತಾನೊಬ್ಬ ಕಲಾವಿದನಾದೆ, ಮಾತಾಡುವ ಪಾತ್ರ ಕೊಡದಿದ್ದರಾಯಿತು ಎಂದುಕೊಂಡಿದ್ದ.

ಎಲ್ಲವೂ ನೆಟ್ಟಗೆ ನಡೆದಿದ್ದಾಗ, ಒಂದು ಬುಧವಾರ ಬೆಳಿಗ್ಗೆ, ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದವನ ತಲೆಗೆ ಕಾಗೆಯೊಂದು ಕುಕ್ಕಿ ಹೋಯಿತು.

ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ. ಅದಕ್ಕೊಂದು ಪರಿಹಾರವೂ ಹಿಂದಿನಿಂದ ಬಂದದ್ದಿದೆ. ಆ ಮನುಷ್ಯ ಸತ್ತನೆಂದು ಬೀಗರು ಬಿಜ್ಜರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅತ್ತರೆ ಆ ಕಣ್ಣೀರಿನಲ್ಲಿ ದೋಷ ತೊಳೆದುಹೋಗುತ್ತದೆ. ಆಮೇಲೆ ಬದುಕಿದ್ದಾನೆಂದು ಹೇಳಿ ಬೈಸಿಕೊಂಡರೆ ಮುಗಿಯಿತು. ಮಾಳಿಂಗರಾಯ ಇದೆಲ್ಲ ಹುಚ್ಚು ಎಂದ. ಎಂದವನು ಕಸ್ತೂರೆವ್ವ ಫೋನು ಹಚ್ಚಿದಾಗ ಮಾತ್ರ ಪಕ್ಕಕ್ಕೆ ಬಂದು ಕೂತ. ತನಗಾಗಿ ಜನ ಅಳುವುದನ್ನು ಕೇಳುವ ಭಾಗ್ಯ ಯಾರಿಗೆ ಸಿಗುತ್ತದೆ?

ಮೊದಲ ಫೋನು ಮೋರಟಗಿಯಲ್ಲಿರುವ ಅವನ ಅಕ್ಕ ದುರ್ಗವ್ವನಿಗೆ.

“ಅಕ್ಕಾ, ನಿಮ್ಮ ತಮ್ಮ ಹೋಗಿಬಿಟ್ರು,” ಎಂದಳು ಕಸ್ತೂರೆವ್ವ, ದನಿ ನಡುಗಿಸಿ.

“ಇವತ್ತ ಬುಧವಾರ ಅಲ್ಲೇನ? ಟ್ರಿಪ್ಪ ರವಿವಾರ ಇರ್ತೈತಲ್ಲ,” ಎಂದಳು ದುರ್ಗವ್ವ. “ಅಂವಾ ಸತ್ತ ಎದ್ದ ಮ್ಯಾಲೆ ನನಗ ಫೋನ್ ಮಾಡಂತ ಹೇಳು. ಒಂದ ಟಗರ ಬೇಕಾಗೈತಿ.”

ಎರಡನೆಯದು ಕಸ್ತೂರೆವ್ವನ ತಮ್ಮ ಅಮಸಿದ್ದನಿಗೆ. ಅವನು ಎಲ್ಲ ಕೇಳಿಸಿಕೊಂಡು, “ಮಾವ ಈ ಸಲ ಬಾಣಕ್ಕ ಸತ್ತರೋ, ಕತ್ತಿಗಿ ಸತ್ತರೋ?” ಎಂದು ಕೇಳಿ, ಪಕ್ಕದಲ್ಲಿದ್ದ ಯಾರಿಗೋ ಹೇಳಿ ಅವರನ್ನೂ ನಗಿಸಿದ. ಇಂಡಿಗೆ ಕೊಟ್ಟ ಮಗಳು ರಾಜಶ್ರೀ ಹಸಿ ಬಾಣಂತಿ, ಅವಳನ್ನು ಹೆದರಿಸುವಂತಿರಲಿಲ್ಲ. ಅಲ್ಲಿಗೆ ಅಳಬಹುದಾದವರ ಪಟ್ಟಿ ಮುಗಿಯಿತು.

ತೋಳ ಬಂತು ತೋಳ ಎಂದು ಕೂಗಿ ಕೆಟ್ಟ ಕುರಿಗಾಹಿಯ ಕಥೆಯನ್ನು ಮಾಳಿಂಗರಾಯ ಮಗಳಿಗೆ ಎಷ್ಟು ಸಲ ಹೇಳಿಲ್ಲ? ಅದು ಬೇರೆ ಯಾರೋ ದಡ್ಡನದೆಂದೇ ತಿಳಿದಿದ್ದ. ಅವತ್ತು ಮನೆಯಲ್ಲಿ ದೊಡ್ಡದಾಗಿ ನಕ್ಕ. ಕುರಿ ಹಿಂದೆ ಹೋದ ಮೇಲೆ, ಬಯಲಿನಲ್ಲಿ ಒಬ್ಬನೇ ಇದ್ದಾಗ, ನಗು ಬರಲಿಲ್ಲ. ಕಾಗೆಯ ಹೆದರಿಕೆ ಹಾಗಿರಲಿ, ತಾನು ಹೋದರೆ ಅಳುವ ಒಂದು ಜೀವವೂ ಇಲ್ಲವಲ್ಲ ಎಂಬುದು ಹೊಟ್ಟೆಯೊಳಗೆ ಮುಳ್ಳು ಮುರಿದಂತೆ ನೋಯುತ್ತಿತ್ತು. ಸಾಯುವುದರಲ್ಲಿ ಇಷ್ಟು ಹೆಸರು ಮಾಡಿದವನ ಸಾವಿಗೆ ಬೆಲೆಯೇ ಇಲ್ಲದಂತಾಗಿತ್ತು.

ರವಿವಾರ ಬಂತು. ಟೆಂಪೋದಲ್ಲಿ ಇಂಡಿಯಿಂದ ಬಂದ ಲಿಂಬೆ ವ್ಯಾಪಾರಿಗಳ ಒಂದು ದೊಡ್ಡ ಕುಟುಂಬವಿತ್ತು. ದೇವರ ಹಿಪ್ಪರಗಿಯಲ್ಲಿ ಮಹಿಳಾ ಸಂಘದ ಏಳೆಂಟು ಹೆಂಗಸರು ಹತ್ತಿದರು. ಕೊನೆಗೆ ಹತ್ತಿದವಳು ಕಸ್ತೂರೆವ್ವ. ತಮ್ಮನ ಊರಿಗೆ ಹೋಗುತ್ತೇನೆಂದು ಹೇಳಿದವಳು ಹಸಿರು ಇಳಕಲ್ ಸೀರೆ ಉಟ್ಟು ಬಂದು, ಹಿಂದೆ ಕೂತ ಗಂಡನನ್ನು ಯಾರೋ ಏನೋ ಎನ್ನುವಂತೆ ನೋಡಿ, ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಮಾಳಿಂಗರಾಯ ಸೈನಿಕನ ಅಂಗಿಯ ಚೀಲವನ್ನು ಸೀಟಿನ ಕೆಳಗೆ ತಳ್ಳಿದ.

ಇಂಗಳೇಶ್ವರ ದಾಟಿ ಮೊದಲು ಒಂದು ದೇಸಾಯರ ವಾಡೆ. “ರಾಣಿ ಸತತ ಹತ್ತು ಕಂತು ಅತ್ತಿದ್ದು ಇದೇ ಕಟ್ಟಿ ಮ್ಯಾಲೆ ರೀ,” ಎಂದು ಕಾಂತು ಮೈಕಿನಲ್ಲಿ ಹೇಳಿದ ಕೂಡಲೇ ಹೆಂಗಸರು ಪಾಳಿ ಹಚ್ಚಿ ಆ ಕಟ್ಟೆಯ ಮೇಲೆ ಕೂತು ಅತ್ತಂತೆ ಮಾಡಿ ಫೋಟೋ ತೆಗೆಸಿಕೊಂಡರು. ವಾಡೆ ಕಟ್ಟಿದವರು ಯಾರೆಂದು ಲಿಂಬೆ ವ್ಯಾಪಾರಿ ಕೇಳಿದರು.

“ಅದು ಆ ಕಲ್ಲಿನ ಮ್ಯಾಲೆ ಬರದೈತ್ರಿ. ಓದಾಕ ಬರೂದಿಲ್ಲ,” ಎಂದು ಕಾಂತು ಮುಂದಕ್ಕೆ ನಡೆದ.

ಜನ ಅತ್ತ ಹೋದಾಗ ಮಾಳಿಂಗರಾಯ ಬಾವಿಯ ಹತ್ತಿರ ಹೆಂಡತಿಯನ್ನು ಹಿಡಿದ. “ನೀ ಯಾಕ ಬಂದಿ?”

“ಅಳಾಕ ಬಂದೇನ್ರಿ.”

“ಏನು?”

“ಯಾರೂ ಅಳಲಿಲ್ಲಂದ್ರ ನಾನರ ಅಳಬೇಕಲ್ಲ? ಮೂರ ದಿನಾ ಮನ್ಯಾಗ ಪ್ರಯತ್ನ ಮಾಡಿದೆ. ಬರವಲ್ತು. ನಿಮ್ಮನ್ನ ನೋಡಿದ ಕೂಡ್ಲೆ ಸಿಟ್ಟ ಬರ್ತೈತಿ. ಸತ್ತು ಮಲಗಿದ್ದು ನೋಡಿದ್ರ ಬರಬಹುದೇನೋ ಅಂತ ಬಂದೇನಿ.”

“ಅಲ್ಲೂ ಬರಲಿಲ್ಲಂದ್ರ?”

ಕಸ್ತೂರೆವ್ವ ಬಾವಿಯೊಳಗೆ ಇಣುಕಿ, ನೀರು ತಳ ಹಿಡಿದಿದೆ ಎಂದು ಹೇಳಿ ಹೊರಟಳು.

ಬಸವನ ಬಾಗೇವಾಡಿಯಲ್ಲಿ ಚಹಾ ಆಯಿತು. ಮಾಳಿಂಗರಾಯ ತನ್ನ ಲೋಟವನ್ನು ಕಾಂತುವಿನ ಕೈಗೆ ಕೊಟ್ಟುಬಿಟ್ಟ. ನೂರು ಸಲ ಸತ್ತವನಿಗೆ ಇವತ್ತು ಮೊದಲ ಸಲ ಸಾಯಲು ಭಯವಾಗುತ್ತಿತ್ತು. ಕೈಹಿಡಿದವಳು ಹೆಣದ ಮುಂದೆ ಕೂತೂ ಅಳದಿದ್ದರೆ ಆಮೇಲೆ ಎದ್ದು ಯಾವ ಮುಖ ತೋರಿಸುವುದು? ಟೆಂಪೋ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡ. ಬೇರೆ ದಿನ ವಾರಕ್ಕೊಮ್ಮೆಯಾದರೂ ಕೆಡುವ ಗಾಡಿ ಅವತ್ತು ಕುದುರೆಯಂತೆ ಓಡಿತು.

ಕಲ್ಲಹುಡೆಯಲ್ಲಿ ಕಾಂತು ಯುದ್ಧದ ಕಥೆ ಹೇಳುತ್ತಿದ್ದಾಗ ಬುರುಜಿನ ಹಿಂದಿನಿಂದ ಮಾಳಿಂಗರಾಯ ಅಯ್ಯೋ ಎಂದು ಒದರುತ್ತ ಬಂದು ಮೆಟ್ಟಿಲ ಮೇಲೆ ಬಿದ್ದ. ಹೆದರಿಕೆಯಲ್ಲಿ ಎರಡು ಮೆಟ್ಟಿಲು ಹೆಚ್ಚಿಗೇ ಉರುಳಿದ. ಮೊಣಕೈ ತರಚಿತು. ಜನ ಕಿರುಚಿದರು, ಆಮೇಲೆ ನಕ್ಕರು, ಮೊಬೈಲು ಹೊರಗೆ ಬಂದವು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಮಲಗಿದ ಅವನಿಗೆ ತಲೆಯ ಹತ್ತಿರ ಯಾರೋ ಕುಕ್ಕರಿಸಿದ್ದು ತಿಳಿಯಿತು. ಬಳೆಯ ಸಪ್ಪಳ ಗುರುತಿನದು.

ಈ ಕಡೆ ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವನು ಏನು ಮಾಡಿದ, ಹೇಗಿದ್ದ, ಎಲ್ಲ ಹಾಡಿನಲ್ಲಿ ಬರಬೇಕು. ಕಸ್ತೂರೆವ್ವ ಸೆರಗು ಹೊದ್ದು ಕೆಮ್ಮಿದಳು. ಒಣ ದನಿಯಲ್ಲಿ ಶುರು ಮಾಡಿದಳು.

“ಸಂತಿಗಿ ಹೋಗಿ ಬದನಿಕಾಯಿ ತಾ ಅಂದ್ರ
ಟಗರಿಗಿ ಗೆಜ್ಜಿ ತಂದ್ಯಲ್ಲೋ ನನ ದೊರಿಯೇ...
ರಾಜ ಬಂದು ಕುಂತ ಮ್ಯಾಲೆ
ಬಂದ್ರು ಬಂದ್ರು ಅಂದ್ಯಲ್ಲೋ ನನ ದೊರಿಯೇ...”

ಸಂಘದ ಹೆಂಗಸರು ಬಿದ್ದು ಬಿದ್ದು ನಕ್ಕರು. ಇದೂ ಟ್ರಿಪ್ಪಿನದೇ ಭಾಗವೆಂದು ಲಿಂಬೆ ವ್ಯಾಪಾರಿಗಳು ಚಪ್ಪಾಳೆ ಹೊಡೆದರು. ರಾಜನೇ ಅವಸರ ಮಾಡಿದ್ದು ಎಂದು ಹೇಳಬೇಕೆಂದು ಮಾಳಿಂಗರಾಯನ ನಾಲಿಗೆ ತುದಿಗೆ ಬಂತು. ಹೆಣಕ್ಕೆ ವಾದ ಮಾಡುವ ಹಕ್ಕಿಲ್ಲ. ಕಣ್ಣೀರಿಲ್ಲ, ಬರೀ ಮಾನ ಹರಾಜು ಎಂದು ಒಳಗೇ ಸೊರಗಿದ.

“ಜಾಲಿಮುಳ್ಳ ಚುಚ್ಚಿದ್ರ ಓಣಿ ಕೂಡುವಂಗ ಒದರಾಂವ
ಬಾಣ ಚುಚ್ಚಿದ್ರ ಸುಮ್ಮನ ಮಲಗೀಯಲ್ಲೋ ನನ ದೊರಿಯೇ...
ಹದಿನೈದ ದಿನಾ ಜ್ವರ ಬಂದು ನಾ ಮಲಗಿದ್ರ
ಒಲಿ ಮುಂದ ಕುಂತು ರೊಟ್ಟಿ ಬಡದ್ಯಲ್ಲೋ
ಆ ರೊಟ್ಟಿ ನಾಯಿ ಮೂಸಿ ಬಿಟ್ಟು ಹೋತು
ನಾ ತಿಂದೆನಲ್ಲೋ ನನ ದೊರಿಯೇ...”

ನಗು ಮತ್ತೊಮ್ಮೆ ಎದ್ದಿತು. ಆದರೆ ‘ನಾ ತಿಂದೆನಲ್ಲೋ’ ಎನ್ನುವಾಗ ಅವಳ ದನಿ ಎಲ್ಲೋ ತೊಡರಿತು. ಮುಂದಿನ ಸಾಲುಗಳಲ್ಲಿ ರಾಗವಿರಲಿಲ್ಲ.

“ಮೊದಲನೇ ಕೂಸು ಮಣ್ಣಿಗಿಟ್ಟು ಬಂದ ದಿನಾ
ಎಲ್ಲಾರೂ ನನಗ ಅಂದ್ರು, ನಿನ್ನ ಕಾಲ್ಗುಣ ಅಂದ್ರು
ನೀ ಒಬ್ಬಾಂವ ಅನ್ನಲಿಲ್ಲಲ್ಲೋ...
ನನ್ನ ಬೆನ್ನ ಹಿಂದ ಬಂದು ಬೆಳಗಾಗೂತನಾ ಕುಂತ್ಯಲ್ಲೋ...
ಖರೇ ಹೋಗೂ ದಿನ ನೀ ಕೇಳೂದಿಲ್ಲಂತ
ಇವತ್ತ ಹೇಳಾಕತ್ತೇನೋ ನನ ದೊರಿಯೇ...”

ಆ ಕೂಸಿನ ಮಾತನ್ನು ಅವರ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಯಾರೂ ಎತ್ತಿರಲಿಲ್ಲ. ತಾನು ಅವತ್ತು ಏನು ಹೇಳಬೇಕೆಂದು ತೋಚದೆ ಸುಮ್ಮನೆ ಕೂತಿದ್ದು ಮಾಳಿಂಗರಾಯನಿಗೆ ನೆನಪಿತ್ತು. ಅಲ್ಲೂ ಸರಿಯಾದ ಹೊತ್ತಿಗೆ ಮಾತು ಬರದೆ ಹೋಯಿತೆಂದು ಇಷ್ಟು ದಿನ ತನ್ನನ್ನು ಹಳಿದುಕೊಂಡಿದ್ದ. ಅದನ್ನು ಅವಳು ಇಷ್ಟು ವರ್ಷ ಹೀಗೆ ಇಟ್ಟುಕೊಂಡಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ.

ಕಸ್ತೂರೆವ್ವ ಅಳುತ್ತಿದ್ದಳು. ತೋರಿಕೆಯ ಅಳುವಲ್ಲ, ಹೆಗಲು ಕುಲುಕುವ ಅಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಮೊಬೈಲು ಕೆಳಗಿಳಿಸಿದರು. ಸಂಘದ ಹೆಂಗಸೊಬ್ಬಳು ಬಂದು ಅವಳ ಪಕ್ಕ ಕೂತು ತಾನೂ ಕಣ್ಣಿಗೆ ಸೆರಗು ಒತ್ತಿಕೊಂಡಳು. ಲಿಂಬೆ ವ್ಯಾಪಾರಿಯ ಮುದಿ ತಾಯಿ ಯಾರನ್ನೋ ನೆನೆದು ಬಿಕ್ಕಿದಳು. ಕಾಂತು ಮೈಕು ಬಂದ್ ಮಾಡಿ, ಎಲ್ಲಿ ನೋಡಬೇಕೆಂದು ತಿಳಿಯದೆ ಕೋಟೆ ನೋಡಿದ.

ಮಾಳಿಂಗರಾಯ ನೊಣಕ್ಕೆ ಅಲುಗದವನು. ಇವತ್ತು ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಹರಿದು ಕಿವಿಯೊಳಗೆ ಇಳಿಯಿತು. ಎದೆಯ ಮೇಲಿನ ಬಾಣ ಏರಿ ಇಳಿಯುತ್ತಿತ್ತು. ಇಂಥ ಕೆಟ್ಟ ಹೆಣವನ್ನು ಯಾವ ನಿರ್ದೇಶಕನೂ ಇಟ್ಟುಕೊಳ್ಳುತ್ತಿರಲಿಲ್ಲ.

ಬಹಳ ಹೊತ್ತಾದ ಮೇಲೆ ಕಸ್ತೂರೆವ್ವ ಮೂಗು ಒರೆಸಿಕೊಂಡು, ಎಂದಿನ ದನಿಯಲ್ಲಿ, “ಆತು, ಏಳ್ರಿ ಇನ್ನ. ಜನಕ್ಕ ಊಟಕ್ಕ ಹೊತ್ತಾತು,” ಎಂದಳು.

ಅವನು ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ, ಅವಳಿಗೆ ಮಾತ್ರ ಕೇಳುವಂತೆ ಕೇಳಿದ: “ಆ ರೊಟ್ಟಿ ಖರೇನ ನಾಯಿ ತಿನ್ನಲಿಲ್ಲೇನು?”

“ಸತ್ತವರ ಮುಂದ ಸುಳ್ಳ ಹಾಡಬಾರದ್ರಿ,” ಎಂದಳು ಕಸ್ತೂರೆವ್ವ.

ಹಾಗಾದರೆ ಉಳಿದದ್ದೂ ಖರೆಯೇ. ಮಾಳಿಂಗರಾಯ ಇನ್ನೂ ಸ್ವಲ್ಪ ಹೊತ್ತು ಸತ್ತೇ ಇದ್ದ.