ಮುಷ್ಟಿಯ ಕೆಂಪು ಮಣ್ಣು

ಆ ಬಾವಿಯ ತಳವನ್ನು ನಾನು ಮುಟ್ಟಲಿಲ್ಲ, ಮುನಿರಾಜು. ಅಮ್ಮ ನನ್ನ ತೋಳಿಗೆ ಹೊಲಿದ ಈಜಿನ ಬ್ಯಾಡ್ಜು, ಮದರಾಸಿನ ರೈಲು, ಸಮುದ್ರ — ಎಲ್ಲವೂ ಒಂದು ಸುಳ್ಳಿನ ಮೇಲೆ ನಿಂತಿದ್ದವು. ಸುಳ್ಳು ನನ್ನದು, ಕಳೆದುಕೊಂಡವನು ನೀನು. ಇದು ನಿನಗೆ ಅಂದೇ ಗೊತ್ತಿತ್ತು. ಗೊತ್ತಿದ್ದವನ ಮುಂದೆ ಒಪ್ಪಿಕೊಳ್ಳುವುದಕ್ಕೆ ಒಂದು ಆಯುಷ್ಯವನ್ನೇ ತೆಗೆದುಕೊಂಡೆನಲ್ಲ — ಅದು ಎರಡನೆಯ ತಪ್ಪು.

ಓದುವವರಿಗಾಗಿ ಹಿಂದಿನದನ್ನು ಸ್ವಲ್ಪ ಹೇಳಬೇಕು. ನೀನು ತಾಳಿಕೋ. ನನ್ನ ವಿಷಯದಲ್ಲಿ ತಾಳಿಕೊಳ್ಳುವುದು ನಿನಗೆ ಹೊಸದಲ್ಲ.

ಐವತ್ತರ ದಶಕ. ನಮ್ಮ ಮನೆ ಬಿನ್ನಿಪೇಟೆಯಲ್ಲಿ. ಅಪ್ಪ ಗಿರಣಿಯ ಗುಮಾಸ್ತರು. ನಿಮ್ಮ ಹೊಲ ಈಗ ಚಂದ್ರಾ ಲೇಔಟ್ ಎನ್ನುವ ಕಡೆ. ಹೊಲದ ನಡುವೆ ಕಪಿಲೆ ಬಾವಿ — ಜೋಡಿ ಎತ್ತು ತೊಗಲಿನ ಚೀಲದಲ್ಲಿ ನೀರೆಳೆಯುತ್ತಿದ್ದ, ಸುತ್ತ ಕಲ್ಲು ಕಟ್ಟಿದ, ನಮ್ಮ ಮನೆಗಿಂತ ಅಗಲವಾದ ಬಾವಿ. ನಾವಿಬ್ಬರೂ ಒಂದೇ ತರಗತಿ, ಒಂದೇ ಸ್ಕೌಟ್ ದಳ. ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಆ ಬಾವಿಗೆ ತಳ್ಳಿದವನು ನೀನು.

"ಅಮ್ಮಾ ಅನ್ಬ್ಯಾಡ ಕಣ್ಲಾ ಸೀನ, ಬಾಯ್ ತುಂಬಾ ನೀರು ಓಯ್ತದೆ. ಕಾಲ್ ಬಡಿ."

ನಾನು ಅಂದ ಮೊದಲ ಮಾತೇ ಅಮ್ಮಾ. ಆ ಬೇಸಿಗೆಯಲ್ಲಿ ನಿಮ್ಮ ಬಾವಿಯ ನೀರು ತಗ್ಗಿದ್ದಕ್ಕೆ ನಿನ್ನ ಅಪ್ಪ ನನ್ನನ್ನೇ ದೂರಿದ್ದರೆ ಅದರಲ್ಲಿ ಅನ್ಯಾಯವೇನೂ ಇರುತ್ತಿರಲಿಲ್ಲ. ಬುರುಡೆ ಬಿಚ್ಚಿದ ದಿನ ನೀನು ಬಾವಿಯ ಹುಡುಗರ ಕಟ್ಟಳೆಯನ್ನೂ ಹೇಳಿಕೊಟ್ಟೆ. ಒಬ್ಬನೇ ಮುಳುಗುವಂತಿಲ್ಲ, ಜೊತೆಗಾರ ಬೇಕು. ತಳ ಮುಟ್ಟಿದವನು ಒಂದು ಹಿಡಿ ಮಣ್ಣು ತಂದು ಜೊತೆಗಾರನ ಎದುರಿಗೆ ಮುಷ್ಟಿ ಬಿಚ್ಚಬೇಕು. ಅವನು ಎಲ್ಲರಿಗೂ ಕೇಳುವ ಹಾಗೆ "ಮುಟ್ದ" ಅನ್ನಬೇಕು. ಅನ್ನದಿದ್ದರೆ ಮುಟ್ಟಿದ್ದು ಲೆಕ್ಕಕ್ಕಿಲ್ಲ. ನ್ಯಾಯಾಸ್ಥಾನ ಆ ಬಾವಿಕಟ್ಟೆ, ತೀರ್ಪು ಒಂದೇ ಪದ, ಮೇಲ್ಮನವಿ ಇಲ್ಲ.

ಆ ವರ್ಷ ಮದರಾಸಿನ ಕಡಲ ದಂಡೆಯಲ್ಲಿ ಶಿಬಿರವೆಂದು ಸುದ್ದಿ ಬಂತು. ಈಜಿನ ಬ್ಯಾಡ್ಜು ಇದ್ದವರಿಗೆ ಮಾತ್ರ. ನೀನು ಬೇರೆ ಮಾತೇ ಆಡದಾದೆ. "ಬಾವಿಗೆ ತಳ ಐತೆ, ಕೆರೆಗೂ ಐತೆ. ಸಮುದ್ರಕ್ಕೆ ಐತೋ ಇಲ್ವೋ, ಒಂದ್ಕಿತ ಮುಳುಗಿ ನೋಡ್ಬೇಕು ಕಣ್ಲಾ." ನಿನ್ನ ಅಪ್ಪನ ಅಪ್ಪಣೆಯೂ ಸ್ಪಷ್ಟವಾಗಿತ್ತು: "ಬಿಲ್ಲೆ ಬಂದ್ರೆ ಓಗು. ಬರ್ನಿಲ್ವಾ, ಆ ಚಡ್ಡಿ ಟೋಪಿ ಬಿಚ್ಚಿಟ್ಟು ಕಪಿಲೆ ಹೊಡಿ." ನಮ್ಮ ಮನೆಯಲ್ಲಿ ಅಪ್ಪ ಆಗಲೇ ಪಕ್ಕದ ಮನೆಯವರಿಂದ ರೈಲಿಗೆಂದು ಹಾಸಿಗೆ ಸುತ್ತುವ ಹೋಲ್ಡಾಲ್ ಕೇಳಿ ತಂದಿದ್ದರು. ಅದು ನಡುಮನೆಯಲ್ಲಿ ಉರುಳಿಕೊಂಡು ನನ್ನನ್ನೇ ನೋಡುತ್ತಿತ್ತು.

ಪರೀಕ್ಷೆ ನಿಮ್ಮ ಬಾವಿಯಲ್ಲೇ ನಡೆಯಿತು. ನಮ್ಮ ಸ್ಕೌಟ್ ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ. ಅವರದು ದಡದ ಪಾಂಡಿತ್ಯ. ಸೀಟಿ, ಬೂಟು, ಇಸ್ತ್ರಿಯಾದ ಚಡ್ಡಿ ಸಮೇತ ಮೇಲಿನ ಮೆಟ್ಟಿಲಲ್ಲಿ ನಿಂತು, ಈಜಿ ದಾಟಬೇಕು, ತೇಲಬೇಕು, ಕೊನೆಗೆ ತಳದ ಮಣ್ಣು ತರಬೇಕು ಎಂದು ಅಪ್ಪಣೆ ಕೊಡಿಸಿದರು. ನಿನ್ನ ಅಪ್ಪ ಅಂದು ಸಂತೆಗೆ ಹೋಗಿದ್ದರು. ಸುತ್ತ ಇದ್ದವರೆಲ್ಲ ನನ್ನಂಥ ಪೇಟೆಯ ಹುಡುಗರು. ದಾಟಿದೆವು, ತೇಲಿದೆವು. ಆಮೇಲೆ ನಾವಿಬ್ಬರೂ ಜೊತೆಯಲ್ಲಿ ಮುಳುಗಿದೆವು.

ಅರ್ಧ ದಾರಿಗೆ ನನ್ನ ಕಿವಿಯೊಳಗೆ ಯಾರೋ ಮೊಳೆ ಹೊಡೆದ ಹಾಗಾಯಿತು. ಕಣ್ಣು ಬಿಟ್ಟರೆ ಕೆಳಗೆ ಬರೀ ಕತ್ತಲೆ — ನಿನ್ನ ಹಿಮ್ಮಡಿ ಎರಡೂ ಆ ಕತ್ತಲೆಗೆ ಇಳಿದು ಮಾಯವಾದವು. ನಾನು ಗೋಡೆ ತಡವಿದೆ. ಕಲ್ಲಿನ ಸಂದಿಯೊಂದರಲ್ಲಿ ಮಣ್ಣು ಸಿಕ್ಕಿತು. ಹಿಡಿದುಕೊಂಡೆ — ಹೆದರಿ ಹಿಡಿದೆ ಎನ್ನಬಹುದು. ಆದರೆ ಹೆದರಿದ ಕೈ ಕಲ್ಲನ್ನು ಹಿಡಿಯುತ್ತದೆ. ನನ್ನದು ಮಣ್ಣನ್ನೇ ಹುಡುಕಿ ಹಿಡಿಯಿತು.

ಮೇಲೆ ಬಂದು ಮುಷ್ಟಿ ಬಿಚ್ಚಿದೆ: ಕೆಂಪು ಮಣ್ಣು. ಎಷ್ಟೋ ಹೊತ್ತಿನ ಮೇಲೆ ನೀನು ಎದ್ದೆ. ಕಣ್ಣು ಕೆಂಪಾಗಿತ್ತು, ಬಾಯಲ್ಲಿ ನಗು. ನೀನು ಬಿಚ್ಚಿದ್ದು ಕಾಡಿಗೆಯಂಥ ಕೆಸರು. ಕೊಳೆತ ಎಲೆಯ ವಾಸನೆ ಮೇಲಿನ ಮೆಟ್ಟಿಲವರೆಗೂ ಹೋಯಿತು. ಕಟ್ಟಳೆಯಂತೆ ನೀನು ನನ್ನ ಕಡೆ ನೋಡಿದೆ. ನಾನು "ಮುಟ್ದ" ಅನ್ನಬೇಕಿತ್ತು. ಅಷ್ಟರಲ್ಲಿ —

"ಏನಯ್ಯಾ ಇದು, ಒಂದೇ ಬಾವಿಗೆ ಎರಡು ತಳವೋ?" ಎಂದರು ಮೇಷ್ಟ್ರು. ಬಗ್ಗಿ ಎರಡೂ ಅಂಗೈ ನೋಡಿದರು. ಸುತ್ತಲಿನ ಹೊಲ ನೋಡಿದರು; ಕಣ್ಣು ಹರಿದಷ್ಟು ದೂರ ಕೆಂಪು ನೆಲ. "ಮೇಲೆಲ್ಲ ಕೆಂಪು, ತಳ ಮಾತ್ರ ಕಪ್ಪೋ? ಮುನಿರಾಜು, ಎಮ್ಮೆ ಮಲಗೋ ಗುಂಡಿ ಮಣ್ಣು ಮೊದಲೇ ಎಲ್ಲಿ ಅವಿಸಿಟ್ಟಿದ್ದೆ? ನಿಜ ಹೇಳು."

ವರ್ಷ ವರ್ಷ ಹೂಳೆತ್ತುವ ಮನೆಯ ಹುಡುಗ ನೀನು. ಬಾವಿಯ ಹೂಳು ಕಪ್ಪಗಿರುತ್ತದೆಂದು ನಿಮ್ಮ ಎತ್ತಿಗೂ ಗೊತ್ತಿತ್ತು. ಸಂಜೆ ಅಪ್ಪ ಬರಲಿ, ಕೇಳಿ ಎನ್ನಬಹುದಿತ್ತು. ಇನ್ನೊಮ್ಮೆ ಮುಳುಗಿ ತರಬಹುದಿತ್ತು. ನೀನು ಅದೊಂದನ್ನೂ ಮಾಡಲಿಲ್ಲ. ನೆಮ್ಮದಿಯಾಗಿ ಹೇಳಿದೆ:

"ಸೀನನ್ನ ಕೇಳಿ ಸಾರ್. ಅವ್ನೂ ತಳಕ್ ಬಂದಿದ್ನಲ್ಲ. ಅವ್ನು ಸುಳ್ಳೇಳಾಕಿಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿದರು.

"ತಳದಲ್ಲಿ ಕೆಂಪು ಮಣ್ಣೇ ಸಾರ್," ಎಂದೆ.

ಅಷ್ಟೇ. ಸ್ವರ ನಡುಗಲಿಲ್ಲ. ಬ್ಯಾಡ್ಜು ಬಂದಾಗಲೂ ಅಷ್ಟು ಸ್ಪಷ್ಟವಾಗಿ ಮಾತಾಡಿದ ನೆನಪಿಲ್ಲ. ನೀನು ನನ್ನ ಮುಖ ನೋಡಿದೆ — ಕೋಪವಿರಲಿಲ್ಲ, ಯಾರೋ ಗುರುತಿನವರೆಂದು ಹತ್ತಿರ ಬಂದು, ಅಲ್ಲವೆಂದು ತಿಳಿದಾಗ ನೋಡುತ್ತೇವಲ್ಲ, ಹಾಗೆ. ಆಮೇಲೆ ಕೈಯನ್ನು ನೀರಿಗೆ ಅದ್ದಿ ತೊಳೆದುಕೊಂಡೆ. ಕಪ್ಪು ಒಂದಿಷ್ಟು ಹೊತ್ತು ನೀರಿನಲ್ಲಿ ಹರಡಿ ಇಲ್ಲವಾಯಿತು.

"ಸೀನ ಅಂದ್ಮ್ಯಾಕೆ ಸರಿ ಸಾರ್," ಎಂದು ಮೆಟ್ಟಿಲು ಹತ್ತಿ ಹೋದೆ.

ಮುಂದೆ ಎಷ್ಟೋ ಕಾಲ ನಾನು ಮನಸ್ಸಿನಲ್ಲಿ ನಿನ್ನ ಮೇಲೆಯೇ ದಾವೆ ಹೂಡಿದ್ದೆ. ನನ್ನನ್ನು ನಂಬಿ ಅಂಥ ಇಕ್ಕಟ್ಟಿಗೆ ಸಿಕ್ಕಿಸಿದವನು ನೀನು. ಜಗಳವಾಡದೆ, ಒಂದು ಏಟೂ ಹಾಕದೆ ದ್ರೋಹ ಬಗೆದವನು ನೀನು. ವಕೀಲ ನಾನೇ, ನ್ಯಾಯಾಧೀಶನೂ ನಾನೇ; ಆದರೂ ದಾವೆ ಗೆಲ್ಲಲಾಗಲಿಲ್ಲ. ಮೇಷ್ಟ್ರು ನಿನ್ನನ್ನು ಕೇಳಿದ್ದು ಮಣ್ಣಿನ ವಿಷಯ. ನೀನು ಅವರನ್ನು ನನ್ನ ಬಳಿ ಕಳಿಸಿದಾಗ ಅದು ಮಣ್ಣಿನ ವಿಷಯವಾಗಿ ಉಳಿದಿರಲಿಲ್ಲ — ಅಷ್ಟು ನನಗೆ ಅಂದೇ, ಆ ನೀರಿನಲ್ಲೇ ತಿಳಿದಿತ್ತು.

ಬ್ಯಾಡ್ಜು ನಿನಗೆ ಬರಲಿಲ್ಲ; ನಾನು ಮದರಾಸಿಗೆ ಹೋದೆ. ಸಮುದ್ರದಲ್ಲಿ ಮೊಣಕಾಲವರೆಗೆ ಇಳಿದು, ಬ್ಯಾಡ್ಜು ನೆನೆಯದಂತೆ ತೋಳು ಎತ್ತಿ ಹಿಡಿದು ನಿಂತೆ. ಹಿಂದಿರುಗಿದ ಮೇಲೆ ನೀನು ಶಾಲೆಯ ಗೇಟಿನ ಹತ್ತಿರ ಸಿಕ್ಕಿದೆ. ದಳ ಬಿಟ್ಟಾಗಿತ್ತು, ಅಂಗೈ ತುಂಬ ಕಪಿಲೆಯ ಹಗ್ಗದ ಗೆರೆ.

"ಸಮುದ್ರದ ತಳದ ಮಣ್ಣು ಯಾವ ಬಣ್ಣ ಐತಪ್ಪಾ?"

"ನೋಡ್ಲಿಲ್ಲ."

"ಅಲ್ಲೂ ಮುಟ್ನಿಲ್ವಾ," ಎಂದು ಹೊರಟುಹೋದೆ. 'ಕಣ್ಲಾ' ಇರಲಿಲ್ಲ. 'ಸೀನ' ಕೂಡ.

ಬೇಸಿಗೆಯಲ್ಲಿ ನಿಮ್ಮ ಬಾವಿಯ ಹೂಳೆತ್ತಿದರು. ನೋಡಬಾರದೆಂದು ಬೇರೆ ದಾರಿ ಹಿಡಿದವನು ನೋಡಬೇಕೆಂದೇ ಬಂದೆ. ಕೆಂಪು ಹೊಲದ ಮೇಲೆ ಹೂಳಿನ ರಾಶಿ ಬಿದ್ದಿತ್ತು — ಕಾಡಿಗೆಯಷ್ಟು ಕಪ್ಪು, ಊರಿಗೆಲ್ಲ ಕಾಣುವಷ್ಟು ಎತ್ತರ. ನೀನು ಅದರ ಮೇಲಿದ್ದೆ. ನನ್ನನ್ನು ಕಂಡು ಒಂದು ಹಿಡಿ ತೆಗೆದುಕೊಂಡೆ. ಕೈ ಮುಂದೆ ಚಾಚಿ ಮುಷ್ಟಿ ಬಿಚ್ಚಿದೆ, ಕಟ್ಟಳೆಯಂತೆ. ನನ್ನ ಮಾತಿಗೆ ಕಾದೆ.

ನಾನು ತಿರುಗಿ ನಡೆದೆ. ಬಾವಿಯಲ್ಲಿ ಆಡಿದ್ದು ಹೆದರಿಕೆಯ ಮಾತು ಎಂದುಕೊಂಡರೂ, ಈ ಹೂಳಿನ ರಾಶಿಯ ಎದುರು ಮೇಷ್ಟ್ರಿರಲಿಲ್ಲ, ಹೋಲ್ಡಾಲ್ ಇರಲಿಲ್ಲ. ನೀನೊಬ್ಬನೇ ಇದ್ದೆ.

ಈಗ ನೀನು ನಾಗರಬಾವಿಯಲ್ಲಿ, ನಾನು ವಿಜಯನಗರದಲ್ಲಿ. ಮದುವೆ ಮನೆಗಳಲ್ಲಿ ಸಿಗುತ್ತೇವೆ. "ಮಂಡಿ ನೋವು ಹೆಂಗೈತೆ?" ಎನ್ನುತ್ತೀಯ, "ನಿಮಗೆ" ಎಂದು ಬಹುವಚನ ಸೇರಿಸುತ್ತೀಯ. ಆ ಬಹುವಚನ ನನ್ನ ಮಂಡಿಗಿಂತ ಹೆಚ್ಚು ನೋಯುತ್ತದೆ. ಕಳೆದ ವಾರ ಮೊಮ್ಮಗಳಿಗೆ ಈಜುಕೊಳದಲ್ಲಿ ಬ್ಯಾಡ್ಜು ಕೊಟ್ಟರು. "ತಾತ, ನಿಂಗೂ ಬಂದಿತ್ತಂತೆ?" ಎಂದಳು. ಬಾಯಿ ಹೂಂ ಎಂದುಬಿಟ್ಟಿತು. ಅಷ್ಟು ವರ್ಷದ ಅಭ್ಯಾಸ.

ಭಾನುವಾರ ಅವಳನ್ನು ಕರೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ಬ್ಯಾಡ್ಜನ್ನು ತರುವುದಿಲ್ಲ, ಅದನ್ನು ನಿನಗೆ ಕೊಟ್ಟರೆ ದಾನ ಮಾಡಿದ ಹಾಗಾಗುತ್ತದೆ. ಕ್ಷಮಿಸು ಎಂದು ಕೇಳುವುದೂ ಇಲ್ಲ. ನೀನು ಬಾಗಿಲು ತೆರೆಯದಿದ್ದರೆ ಬೀದಿಯಲ್ಲೇ ನಿಂತು, ನಿನ್ನ ಮನೆಯವರಿಗೂ ನನ್ನ ಮೊಮ್ಮಗಳಿಗೂ ಕೇಳುವ ಹಾಗೆ, ನಾನು ಉಳಿಸಿಕೊಂಡಿರುವ ಆ ಒಂದು ಪದವನ್ನು ಹೇಳಿ ಹೋಗುತ್ತೇನೆ.

ಮುಟ್ದ. ಮುನಿರಾಜು ಮುಟ್ದ.